ಅಬ್ಸರ್ವೆಂಟ್ ಅಂದರೆ ನೋಡುವವರೋ, ಪಾಲಿಸುವವರೋ? ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿನ ಶಾಲೆಯ ವರದಿಯಲ್ಲಿ ‘ಅಬ್ಸರ್ವೆಂಟ್’ ಅಂತ ಬರೆದಿರುತ್ತಾರೆ. ಅಮೆರಿಕದ ಆಫೀಸಿನಲ್ಲಿ ಒಬ್ಬ ಸಹೋದ್ಯೋಗಿ ತಾನು ‘ಅಬ್ಸರ್ವೆಂಟ್’, ಹಾಗಾಗಿ ಶುಕ್ರವಾರ ಸಂಜೆ ಬೇಗ ಹೊರಡಬೇಕು ಅನ್ನುತ್ತಾರೆ. ಪದ ಒಂದೇ, ಹೇಳಿದ್ದು ಬೇರೆ ಬೇರೆ. ಈ ಪದ ಮತ್ತು ಇದರ ಬಳಗದ ಬಗ್ಗೆ ಜನ ಕೇಳುವ ಪ್ರಶ್ನೆಗಳು ಇಲ್ಲಿವೆ. ಇಂಗ್ಲಿಷ್‌ನಿಂದ ಕನ್ನಡಕ್ಕೆ ನೋಟಿಸು, ಸುದ್ದಿ, ಆಸ್ಪತ್ರೆಯ ಚೀಟಿ ಇಂಥವನ್ನು ಬರೆಯುವವರಿಗೆ ಇದು ಜಾಸ್ತಿ ಉಪಯೋಗಕ್ಕೆ ಬರಬಹುದು.

ಮೊದಲು ಚಿಕ್ಕದಾಗಿ ಹೇಳಿ, ಅಬ್ಸರ್ವೆಂಟ್ ಅಂದರೆ ಏನು?

ಎರಡು ಅರ್ಥ. ಒಂದು, ಸುತ್ತಲಿನದನ್ನು ಸೂಕ್ಷ್ಮವಾಗಿ ಗಮನಿಸುವವರು. ಇನ್ನೊಂದು, ಧರ್ಮದ ಅಥವಾ ಸಂಪ್ರದಾಯದ ನಿಯಮಗಳನ್ನು ತಪ್ಪದೆ ನಡೆಸುವವರು. ಯಾವುದು ಅಂತ ಪದ ತಾನಾಗಿ ಹೇಳುವುದಿಲ್ಲ, ಅಕ್ಕಪಕ್ಕದ ಮಾತು ನೋಡಬೇಕು. ಮಗು, ಪೊಲೀಸು, ವೈದ್ಯ, ಓದುಗ ಇಂಥ ಪದಗಳ ಜೊತೆ ಬಂದರೆ ಸಾಮಾನ್ಯವಾಗಿ ಮೊದಲನೆಯದು. ಯಹೂದಿ, ಮುಸ್ಲಿಂ, ಕ್ಯಾಥೊಲಿಕ್, ಜೈನ ಇಂಥ ಪದದ ಜೊತೆ ಬಂದರೆ ಎರಡನೆಯದು.

ನೋಡೋದಕ್ಕೂ ಪಾಲಿಸೋದಕ್ಕೂ ಏನು ಸಂಬಂಧ? ಒಂದೇ ಪದಕ್ಕೆ ಎರಡೂ ಹೇಗೆ ಬಂತು?

ಇದು ಲ್ಯಾಟಿನ್‌ನಿಂದ ಬಂದದ್ದು. ಅಲ್ಲಿನ ‘ಅಬ್‌ಸರ್ವಾರೆ’ ಅನ್ನೋ ಪದದಲ್ಲಿ ಎರಡು ತುಂಡು: ‘ಅಬ್’ ಅಂದರೆ ಎದುರಿಗೆ, ಅದರ ಕಡೆಗೆ, ‘ಸರ್ವಾರೆ’ ಅಂದರೆ ಕಾಯುವುದು, ಕಾಪಾಡುವುದು. ನಮ್ಮ ‘ಕಾಯು’ ಅನ್ನೋ ಮಾತು ಇದಕ್ಕೆ ತೀರಾ ಹತ್ತಿರ. ದನ ಕಾಯುವವನು ದನದ ಮೇಲಿನ ಕಣ್ಣು ತೆಗೆದರೆ ದನ ಯಾರದೋ ಹೊಲದಲ್ಲಿರುತ್ತದೆ. ಅವನಿಗೆ ನೋಡುವುದು ಬೇರೆ ಕೆಲಸ, ಕಾಪಾಡುವುದು ಬೇರೆ ಕೆಲಸ ಅಂತ ಇಲ್ಲ.

ರೋಮನ್ನರಲ್ಲಿ ಇದಕ್ಕೆ ಒಂದು ಒಳ್ಳೆ ಉದಾಹರಣೆ ಇದೆ. ಸಭೆ ಸೇರುವ ಮುಂಚೆ ಆಕಾಶದಲ್ಲಿ ಶಕುನ ನೋಡುವ ಪದ್ಧತಿ ಅವರಲ್ಲಿತ್ತು. ಅದಕ್ಕೆ ಅವರು ಬಳಸುತ್ತಿದ್ದದ್ದು ಇದೇ ‘ಸರ್ವಾರೆ’ ಪದ. ಕ್ರಿ.ಪೂ. 59ರಲ್ಲಿ ಜೂಲಿಯಸ್ ಸೀಸರ್ ಜೊತೆ ಕಾನ್ಸಲ್ (ರೋಮಿನ ಅತಿ ದೊಡ್ಡ ಅಧಿಕಾರಿ) ಆಗಿದ್ದ ಬಿಬುಲಸ್, ಸೀಸರನ ಕಾನೂನುಗಳನ್ನು ತಡೆಯಲು ಇದನ್ನೇ ಹಿಡಿದ. ನಾನು ಆಕಾಶ ನೋಡುತ್ತಿದ್ದೇನೆ, ಆದ್ದರಿಂದ ಸಭೆ ನಡೆಯುವಂತಿಲ್ಲ ಅಂತ ಮನೆಯಲ್ಲೇ ಕುಳಿತು ಘೋಷಣೆ ಕಳಿಸುತ್ತಿದ್ದ. ಸೀಸರ್ ಕೇಳಲಿಲ್ಲ, ಆ ಮಾತು ಬೇರೆ. ಆದರೆ ಅಲ್ಲಿ ನೋಡುವುದೇ ನಿಯಮವಾಗಿತ್ತು ಅನ್ನೋದು ಗಮನಿಸಬೇಕಾದ್ದು.

ಇಂಗ್ಲಿಷ್‌ಗೆ ಈ ಪದ ಫ್ರೆಂಚ್ ಮೂಲಕ ಬಂತು. ಮೊದಲು ಬಂದದ್ದು ನೋಡುವ ಅರ್ಥ ಅಂದುಕೊಂಡಿದ್ದರೆ, ಅಲ್ಲ. 14ನೇ ಶತಮಾನದ ಕೊನೆಗೆ ಅದರ ಅರ್ಥ ನಿಯಮ, ಹಬ್ಬ, ವ್ರತ ಪಾಲಿಸುವುದು ಅಂತಿತ್ತು. ಗಮನಿಸಿ ನೋಡುವುದು ಅನ್ನೋ ಅರ್ಥ ಬಲವಾದದ್ದು 16ನೇ ಶತಮಾನದಲ್ಲಿ. ‘ಅಬ್ಸರ್ವೆಂಟ್’ ಅಂತ ಮೊದಲು ಕರೆಸಿಕೊಂಡವರೂ ಸನ್ಯಾಸಿಗಳೇ. ಸಂತ ಫ್ರಾನ್ಸಿಸ್ ಹಾಕಿಕೊಟ್ಟ ಬಡತನದ ನಿಯಮವನ್ನು ಚೂರೂ ಸಡಿಲಿಸದೆ ನಡೆಸಬೇಕು ಅನ್ನುತ್ತಿದ್ದ ಫ್ರಾನ್ಸಿಸ್ಕನ್ ಗುಂಪಿಗೆ ಆ ಹೆಸರಿತ್ತು. 1517ರಲ್ಲಿ ಪೋಪ್ ಹತ್ತನೇ ಲಿಯೊ ಅವರನ್ನೂ ಉಳಿದವರನ್ನೂ ಎರಡು ಪಂಗಡವಾಗಿ ಬೇರೆ ಮಾಡಿದ.

ಅಬ್ಸರ್ವೆಂಟ್ ಒಳಗೆ ‘ಸರ್ವೆಂಟ್’ ಕಾಣುತ್ತದಲ್ಲ, ಸೇವಕ ಅನ್ನೋ ಅರ್ಥ ಇದೆಯಾ?

ಇಲ್ಲ. ಸರ್ವೆಂಟ್, ಸರ್ವಿಸ್ ಇವು ‘ಸರ್ವೀರೆ’ ಅನ್ನೋ ಇನ್ನೊಂದು ಲ್ಯಾಟಿನ್ ಪದದಿಂದ ಬಂದವು. ನಮ್ಮ ಪದದ ನಿಜವಾದ ನೆಂಟರು ರಿಸರ್ವ್, ಪ್ರಿಸರ್ವ್, ಕನ್ಸರ್ವ್. ಎಲ್ಲದರಲ್ಲೂ ಕಾಪಾಡುವುದು, ಉಳಿಸುವುದು ಅನ್ನೋ ಅರ್ಥ ಇದೆ.

ಕನ್ನಡದಲ್ಲಿ ಎರಡೂ ಅರ್ಥ ಕೊಡೋ ಒಂದೇ ಪದ ಇಲ್ವಾ?

ಪೂರ್ತಿ ಸರಿಹೊಂದುವ ಒಂದು ಪದ ಇಲ್ಲ. ಹುಡುಕುವ ಅಗತ್ಯವೂ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಹತ್ತಿರದ ದಾರಿ ಮಾತ್ರ ನಮ್ಮಲ್ಲೂ ಇದೆ. ‘ಮಗೂನ ಸ್ವಲ್ಪ ನೋಡ್ಕೋ’ ಅಂದಾಗ ಯಾರೂ ಮಗುವಿನ ಮುಖ ನೋಡುತ್ತಾ ಕೂರುವುದಿಲ್ಲ, ಜೋಪಾನ ಮಾಡುತ್ತಾರೆ. ‘ಪಾಲಿಸು’ ಕೂಡ ಹಾಗೇ. ಲಾಲನೆ ಪಾಲನೆ ಅನ್ನುವಾಗ ಕಾಪಾಡುವುದು, ಆಜ್ಞೆ ಪಾಲಿಸು ಅನ್ನುವಾಗ ನಡೆಸುವುದು.

ಕೆಲಸಕ್ಕೆ ಬೇಕಾದ ಪದಗಳು ನಮ್ಮಲ್ಲಿ ಬೇಕಾದಷ್ಟಿವೆ. ಗಮನಿಸು, ವೀಕ್ಷಿಸು, ಅವಲೋಕಿಸು, ನಿಗಾ ಇಡು, ಕಣ್ಣಿಡು; ಆ ಕಡೆ ಪಾಲಿಸು, ಆಚರಿಸು, ಅನುಸರಿಸು, ನಡೆದುಕೊ. ಎಲ್ಲಿ ಯಾವುದು ಅನ್ನೋದು ತಿಳಿದರೆ ಸಾಕು. ತೊಂದರೆ ಆಗುವುದು ಎಲ್ಲ ಕಡೆಗೂ ‘ವೀಕ್ಷಣೆ’ ಅಂತ ಒಂದೇ ಪದ ಮೆತ್ತಿದಾಗ. ‘ನಿಯಮಗಳ ವೀಕ್ಷಣೆ’ ಅಂತ ಬರೆದರೆ ಓದುವವರು ನಿಯಮಗಳನ್ನು ನೋಡಿ ಸುಮ್ನೆ ಹೋಗಬೇಕೋ, ಪಾಲಿಸಬೇಕೋ?

ಅಬ್ಸರ್ವೇಷನ್, ಅಬ್ಸರ್ವೆನ್ಸ್: ಎರಡೂ ಒಂದೇನಾ?

ಅಲ್ಲ, ಜಾಸ್ತಿ ಜನ ತಪ್ಪುವುದು ಇಲ್ಲೇ. ಅಬ್ಸರ್ವೇಷನ್ ಅಂದರೆ ನೋಡುವುದು, ನೋಡಿ ತಿಳಿದದ್ದು. ಅಬ್ಸರ್ವೆನ್ಸ್ ಅಂದರೆ ಪಾಲನೆ, ಆಚರಣೆ. ಹಕ್ಕಿಗಳದ್ದು ಅಬ್ಸರ್ವೇಷನ್. ಸಂಚಾರ ನಿಯಮದ್ದು, ಏಕಾದಶಿಯದ್ದು, ರಂಜಾನ್ ಉಪವಾಸದ್ದು ಅಬ್ಸರ್ವೆನ್ಸ್. ಕ್ರಿಯಾಪದಕ್ಕೂ ಗುಣವಾಚಕಕ್ಕೂ ಎರಡೂ ಅರ್ಥ ಇವೆ. ನಾಮಪದದಲ್ಲಿ ಮಾತ್ರ ಇಂಗ್ಲಿಷ್ ಎರಡು ದಾರಿ ಮಾಡಿಕೊಂಡಿದೆ.

‘ಅಬ್ಸರ್ವೆಂಟ್ ಜ್ಯೂ’ ಅಂದರೆ ಯಾರು? ಅಷ್ಟು ಯಾಕೆ ಆ ಪದ ಕೇಳಿಬರುತ್ತದೆ?

ಯಹೂದಿ ಧರ್ಮದ ನಿಯಮಗಳನ್ನು ದಿನನಿತ್ಯ ನಡೆಸುವ ಯಹೂದಿ ಅಂತ. ಹುಟ್ಟಿನಿಂದ ಯಹೂದಿಯಾದವರೆಲ್ಲ ಅವನ್ನು ನಡೆಸುವುದಿಲ್ಲ. ಅದಕ್ಕೇ ಈ ಗುರುತು ಬೇಕಾಗುತ್ತದೆ. ಇಲ್ಲಿ ಒತ್ತು ಬೀಳುವುದು ನಂಬಿಕೆಗಿಂತ ನಡವಳಿಕೆಯ ಮೇಲೆ. ಊಟದಲ್ಲಿ ಏನು ತಿನ್ನಬಹುದು, ಏನು ತಿನ್ನಬಾರದು ಅನ್ನೋ ಕೋಷರ್ ನಿಯಮ, ವಾರದಲ್ಲಿ ಸಬ್ಬತ್ ಅನ್ನೋ ವಿಶ್ರಾಂತಿಯ ದಿನ, ವರ್ಷದಲ್ಲಿ ಹಬ್ಬ ಮತ್ತು ಉಪವಾಸ.

ಸಬ್ಬತ್ ಶುಕ್ರವಾರ ಸೂರ್ಯಾಸ್ತಕ್ಕೆ ಶುರುವಾಗಿ ಶನಿವಾರ ರಾತ್ರಿಗೆ ಮುಗಿಯುತ್ತದೆ. ಆ ಹೊತ್ತಿನಲ್ಲಿ ಮಾಡಬಾರದ ಕೆಲಸಗಳನ್ನು ಯಹೂದಿ ಸಂಪ್ರದಾಯ 39 ಬಗೆಯಾಗಿ ಪಟ್ಟಿ ಮಾಡಿದೆ. ಬೆಂಕಿ ಹಚ್ಚುವುದು, ಬರೆಯುವುದು, ಹೊಲಿಯುವುದು, ಬಿತ್ತುವುದು ಎಲ್ಲ ಅದರಲ್ಲಿವೆ. ಕಟ್ಟುನಿಟ್ಟಾಗಿ ನಡೆಸುವವರು ಕಾರು ಓಡಿಸುವುದಿಲ್ಲ, ಫೋನ್ ಮುಟ್ಟುವುದಿಲ್ಲ. ಸಬ್ಬತ್ ಮುಗಿಯಿತು ಅಂತ ತಿಳಿಯಲು ಹಳೆಯ ಲೆಕ್ಕ ಏನು ಗೊತ್ತಾ? ಆಕಾಶದಲ್ಲಿ ಮೂರು ನಕ್ಷತ್ರ ಕಾಣಬೇಕು. ಈಗ ಗಡಿಯಾರ, ಪಟ್ಟಿ ಎಲ್ಲ ಇವೆ, ಆದರೂ ಆ ಪಟ್ಟಿಯ ಹಿಂದಿರುವುದು ಮೂರು ನಕ್ಷತ್ರವೇ. ಇಂಥವರನ್ನು ಹೀಬ್ರೂವಿನಲ್ಲಿ ‘ಶೋಮೇರ್ ಶಬ್ಬತ್’ ಅನ್ನುತ್ತಾರೆ. ಶೋಮೇರ್ ಅಂದರೆ ಕಾಯುವವನು, ಕಾವಲುಗಾರ. ಲ್ಯಾಟಿನ್‌ಗೂ ಹೀಬ್ರೂಗೂ ನೆಂಟಸ್ತಿಕೆ ಇಲ್ಲ. ಆದರೂ ಎರಡೂ ಭಾಷೆ ನಿಯಮ ನಡೆಸುವುದನ್ನು ಕಾಯುವ ಕೆಲಸ ಅಂತಲೇ ಕಂಡಿವೆ.

ನಿಮ್ಮ ಸಹೋದ್ಯೋಗಿ ಹೀಗೆ ಹೇಳಿದರೆ ಶುಕ್ರವಾರ ಸಂಜೆ ಮೀಟಿಂಗ್ ಇಡಬೇಡಿ. ಚಳಿಗಾಲದಲ್ಲಿ ಅಲ್ಲಿ ಸೂರ್ಯ ಬೇಗ ಮುಳುಗುತ್ತಾನೆ ಅನ್ನೋದೂ ನೆನಪಿರಲಿ.

ನಮ್ಮಲ್ಲಿ ಅಂಥವರಿಗೆ ಏನಂತೀವಿ?

ಆಚಾರವಂತರು, ನೇಮನಿಷ್ಠೆ ಇರುವವರು, ಮಡಿವಂತರು, ವ್ರತ ಹಿಡಿದವರು. ಇವೆಲ್ಲ ಒಂದೇ ಅಲ್ಲ. ಮಡಿವಂತ ಅನ್ನೋ ಪದಕ್ಕೆ ಈಗ ಬದಲಾಗಲು ಒಪ್ಪದವರು ಅನ್ನೋ ಅರ್ಥವೂ ಸೇರಿದೆ, ಹಾಗಾಗಿ ಅಬ್ಸರ್ವೆಂಟ್‌ಗೆ ಅದನ್ನು ಹಾಕಬೇಡಿ. ‘ಧರ್ಮದ ನಿಯಮ ಪಾಲಿಸುವ’ ಅಂತ ಬಿಡಿಸಿ ಬರೆದರೆ ಯಾರಿಗೂ ನೋವಾಗುವುದಿಲ್ಲ, ಅರ್ಥವೂ ಕೆಡುವುದಿಲ್ಲ.

ನೋಡುವುದು ಮತ್ತು ಪಾಲಿಸುವುದು ಒಂದೇ ಆಗಿರುವ ಜಾಗ ನೋಡಬೇಕು ಅಂದರೆ ಜೈನ ಮುನಿಗಳ ನಡಿಗೆ ನೋಡಿ. ಶ್ರವಣಬೆಳಗೊಳಕ್ಕೆ ಹೋದವರು ದಿಗಂಬರ ಮುನಿಗಳು ನವಿಲುಗರಿಯ ಪಿಂಛಿ ಹಿಡಿದು ನಡೆಯುವುದನ್ನು ಕಂಡಿರುತ್ತೀರಿ. ಅವರು ಪಾಲಿಸುವ ಐದು ಸಮಿತಿಗಳಲ್ಲಿ, ಅಂದರೆ ಎಚ್ಚರದ ನಿಯಮಗಳಲ್ಲಿ, ಮೊದಲನೆಯದು ಈರ್ಯಾ ಸಮಿತಿ. ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ಕಣ್ಣಿಟ್ಟು ನೋಡುತ್ತಾ, ಯಾವ ಜೀವಕ್ಕೂ ಕಾಲು ತಾಗದಂತೆ ನಡೆಯಬೇಕು ಅನ್ನುವುದು ಅದು. ಕೂರುವ ಮುಂಚೆ ಪಿಂಛಿಯಿಂದ ಜಾಗ ಮೃದುವಾಗಿ ಗುಡಿಸುತ್ತಾರೆ. ಇಲ್ಲಿ ನಿಯಮ ಹೇಳುವುದೇ ‘ನೋಡು’ ಅಂತ. ಕಣ್ಣು ಬೇರೆ ಕಡೆ ಹೋದ ಕ್ಷಣ ನಿಯಮ ತಪ್ಪಿತು. ಸೂರ್ಯ ಮುಳುಗುವ ಮುಂಚೆ ಊಟ ಮುಗಿಸುವ ಜೈನ ಗೃಹಸ್ಥರಿಗೂ ಬೆಳಕಿನ ಮೇಲೆ ಒಂದು ಕಣ್ಣು ಇದ್ದೇ ಇರುತ್ತದೆ.

ಸಂಕಷ್ಟಿ ದಿನ ಚಂದ್ರನನ್ನು ನೋಡಿ ಊಟ ಮಾಡುವವರು, ರಂಜಾನ್ ತಿಂಗಳ ಶುರುವಿಗೆ ಮತ್ತು ಕೊನೆಗೆ ಚಂದ್ರ ಕಂಡನಾ ಅಂತ ಕಾಯುವವರು ಇವರೆಲ್ಲ ಎರಡೂ ಅರ್ಥದಲ್ಲಿ ಅಬ್ಸರ್ವೆಂಟ್. ಇನ್ನು ಭಾದ್ರಪದ ಚೌತಿಯ ರಾತ್ರಿ ಚಂದ್ರನನ್ನು ನೋಡಬಾರದು ಅಂತಿದೆ, ಅಲ್ಲಿ ನೋಡದೇ ಇರುವುದೇ ಪಾಲನೆ.

ನೋಡದೆ, ಬರೀ ನಿಯಮ ಪಾಲಿಸಿದರೆ ಸಾಕಲ್ವಾ?

ಕೆಲವು ಕಡೆ ಸಾಕು. ಕೆಂಪು ದೀಪ ಬಿದ್ದರೆ ನಿಲ್ಲಬೇಕು, ಎದುರಿಗೆ ಗಾಡಿ ಬರುತ್ತಿದೆಯಾ ಅಂತ ನೋಡಿ ತೀರ್ಮಾನ ಮಾಡೋ ಹಾಗಿಲ್ಲ. ಆದರೆ ಬಹಳಷ್ಟು ನಿಯಮಗಳು ಯಾರೋ ಬಹಳ ಕಾಲ ನೋಡಿ ನೋಡಿ ಕಟ್ಟಿದವು. ಅಂಥ ನಿಯಮಕ್ಕೆ ಕಣ್ಣು ಬೇಕೇ ಬೇಕು.

ನಮ್ಮ ಮಳೆ ನಕ್ಷತ್ರಗಳನ್ನೇ ತಗೊಳ್ಳಿ. ಸೂರ್ಯ ವರ್ಷಕ್ಕೆ 27 ನಕ್ಷತ್ರ ದಾಟುತ್ತಾನೆ, ಒಂದೊಂದಕ್ಕೆ 13-14 ದಿನ. ಆ ಲೆಕ್ಕದಲ್ಲಿ ರೈತರು ಮಳೆಗಳಿಗೆ ಹೆಸರಿಟ್ಟರು: ಭರಣಿ, ಕೃತ್ತಿಕಾ, ರೋಹಿಣಿ, ಮೃಗಶಿರಾ, ಆರಿದ್ರಾ. ರೋಹಿಣಿ ಮಳೆ ಶುರುವಾಗುವುದು ಮೇ ಕೊನೆಯ ವಾರ, ಮೃಗಶಿರಾ ಜೂನ್ ಮೊದಲ ವಾರ ದಾಟಿದ ಮೇಲೆ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ’ ಅನ್ನೋ ಗಾದೆ ಸುಮ್ನೆ ಹುಟ್ಟಿದ್ದಲ್ಲ. ತಲೆಮಾರುಗಳ ಕಾಲ ಮೋಡ, ಗಾಳಿ, ನೆಲ, ಬೆಳೆ ನೋಡಿದವರು ಅದನ್ನು ಒಂದು ಸಾಲಿಗೆ ಇಳಿಸಿದ್ದಾರೆ. ಆದರೆ ಒಳ್ಳೆ ರೈತ ಬರೀ ಪಂಚಾಂಗ ಹಿಡಿದು ಬಿತ್ತುವುದಿಲ್ಲ. ರೋಹಿಣಿ ಹುಟ್ಟಿದೆ ಅಂತ ಗೊತ್ತಿದ್ದರೂ ಹೊಲಕ್ಕೆ ಹೋಗಿ ಮಣ್ಣು ಕೈಯಲ್ಲಿ ಹಿಡಿದು ಹದ ಇದೆಯಾ ಅಂತ ನೋಡುತ್ತಾನೆ, ಇಲ್ಲದಿದ್ದರೆ ಕಾಯುತ್ತಾನೆ, ಪಂಚಾಂಗ ಏನೇ ಹೇಳಲಿ. ಮಳೆ ಹಿಂದುಮುಂದಾಗುವ ವರ್ಷಗಳಲ್ಲಿ ಬೀಜ ಉಳಿಸುವುದು ಈ ಎರಡನೇ ನೋಟವೇ.

ಮೊದಲ ನೋಟದಿಂದ ನಿಯಮ ಹುಟ್ಟಿತು, ಎರಡನೇ ನೋಟದಿಂದ ಅದು ಬದುಕಿದೆ. ಇದನ್ನು ಒತ್ತಿ ಹೇಳುತ್ತಿರುವುದು ಯಾಕೆಂದರೆ, ನಮ್ಮಲ್ಲಿ ನಿಯಮ ಪಾಲಿಸುವವರನ್ನು ಒಂದು ಗುಂಪು, ಕಣ್ಣು ತೆರೆದು ನೋಡುವವರನ್ನು ಇನ್ನೊಂದು ಗುಂಪು ಅಂತ ಬೇರೆ ಮಾಡಿ ಜಗಳ ಹಚ್ಚುವ ಅಭ್ಯಾಸ ಬಂದಿದೆ. ಈ ಪದದ ಇತಿಹಾಸ ಅದನ್ನು ಒಪ್ಪುವುದಿಲ್ಲ.

‘ಸೆಲೆಬ್ರೇಟ್’ ಯಾವಾಗ, ‘ಅಬ್ಸರ್ವ್’ ಯಾವಾಗ?

ಕನ್ನಡದ ‘ಆಚರಣೆ’ ಸಂತೋಷಕ್ಕೂ ನಡೆಯುತ್ತದೆ, ದುಃಖಕ್ಕೂ ನಡೆಯುತ್ತದೆ. ನವೆಂಬರ್ 1ರ ರಾಜ್ಯೋತ್ಸವದ ಆಚರಣೆ, ಜನವರಿ 30ರ ಹುತಾತ್ಮರ ದಿನಾಚರಣೆ, ಎರಡೂ ಸರಿ. ಇಂಗ್ಲಿಷ್‌ಗೆ ಹೋಗುವಾಗ ತೊಡಕು. ಹುತಾತ್ಮರ ದಿನವನ್ನು ‘ಸೆಲೆಬ್ರೇಟ್’ ಮಾಡಿದೆವು ಅಂತ ಬರೆದರೆ ಗಾಂಧೀಜಿ ತೀರಿಕೊಂಡ ದಿನ ಸಂಭ್ರಮ ಪಟ್ಟೆವು ಅಂತ ಆಗುತ್ತದೆ. ಅಲ್ಲಿ ‘ಅಬ್ಸರ್ವ್’ ಬೇಕು. ಗುಡ್ ಫ್ರೈಡೇಗೂ ಅದೇ. ಯುಗಾದಿಗೆ ಎರಡೂ ನಡೆಯುತ್ತದೆ.

ಮೊಹರಂ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ಅದು ಶೋಕದ ದಿನ, ‘ಅಬ್ಸರ್ವ್’ ಸರಿ. ಆದರೆ ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಹಿಂದೂಗಳು ಮುಸ್ಲಿಮರು ಸೇರಿ ಅಲಾಯಿ ದೇವರನ್ನು (ಮೊಹರಂನ ಪಂಜಾಗಳನ್ನು) ಕೂರಿಸಿ, ಹೆಜ್ಜೆ ಹಾಕಿ, ಹಾಡು ಹೇಳಿ ಮಾಡುವ ಮೊಹರಂ ಬೇರೆಯೇ. ಅಲ್ಲಿ ಶೋಕವೂ ಇದೆ, ಹಬ್ಬವೂ ಇದೆ. ಅದರ ಬಗ್ಗೆ ಇಂಗ್ಲಿಷ್‌ನಲ್ಲಿ ಬರೆಯುವವರು ಒಂದೇ ಪದಕ್ಕೆ ಕಟ್ಟುಬೀಳದೆ ನಡೆಯುವುದನ್ನು ವಿವರಿಸಿದರೆ ಒಳ್ಳೆಯದು.

ಅಮೆರಿಕದ ಕ್ಯಾಲೆಂಡರಿನಲ್ಲಿ ರಜೆಯ ಮುಂದೆ ‘ಅಬ್ಸರ್ವ್ಡ್’ ಅಂತ ಇರುತ್ತದೆ, ಏನದು?

ಹಬ್ಬ ಒಂದು ದಿನ, ರಜೆ ಇನ್ನೊಂದು ದಿನ ಅಂತ. ಅಲ್ಲಿನ ಫೆಡರಲ್ ರಜೆ ಶನಿವಾರ ಬಿದ್ದರೆ ಹಿಂದಿನ ಶುಕ್ರವಾರ, ಭಾನುವಾರ ಬಿದ್ದರೆ ಮುಂದಿನ ಸೋಮವಾರ ಕಚೇರಿಗೆ ರಜೆ. 2021ರ ಜುಲೈ 4 ಭಾನುವಾರ ಬಿತ್ತು, ರಜೆ 5ಕ್ಕೆ ಹೋಯಿತು. 2026ರ ಜುಲೈ 4 ಶನಿವಾರ, ಹಾಗಾಗಿ ರಜೆ 3ಕ್ಕೆ. ಖಾಸಗಿ ಕಂಪನಿಗಳು ಇದನ್ನೇ ಅನುಸರಿಸಬೇಕು ಅಂತಿಲ್ಲ, ನಿಮ್ಮ ಎಚ್‌ಆರ್ ಪಟ್ಟಿ ನೋಡಿಕೊಳ್ಳಿ.

‘ಅಬ್ಸರ್ವ್ ಸೈಲೆನ್ಸ್’ ಅನ್ನೋದಕ್ಕೆ ಕನ್ನಡದಲ್ಲಿ?

ಗ್ರಂಥಾಲಯದ ಗೋಡೆಗೆ ಆದರೆ ‘ನಿಶ್ಶಬ್ದವಾಗಿರಿ’ ಅಥವಾ ‘ಸದ್ದು ಮಾಡಬೇಡಿ’. ಶ್ರದ್ಧಾಂಜಲಿ ಸಭೆಗೆ ‘ಮೌನಾಚರಣೆ’. ‘ಮೌನವನ್ನು ಗಮನಿಸಿ’ ಅಂತ ದಯವಿಟ್ಟು ಬರೆಯಬೇಡಿ. ಎರಡು ನಿಮಿಷ ಮೌನ ನಿಲ್ಲುವ ರೂಢಿ ಬ್ರಿಟನ್ನಿನಲ್ಲಿ ದೇಶವ್ಯಾಪಿಯಾಗಿ ನಡೆದದ್ದು 1919ರ ನವೆಂಬರ್ 11ರಂದು, ಮೊದಲ ಮಹಾಯುದ್ಧ ನಿಂತ ಒಂದು ವರ್ಷಕ್ಕೆ. ನಮ್ಮಲ್ಲಿ ಜನವರಿ 30ರ ಬೆಳಿಗ್ಗೆ 11 ಗಂಟೆಗೆ ಸರ್ಕಾರಿ ಕಚೇರಿಗಳಲ್ಲಿ ಎರಡು ನಿಮಿಷ ಮೌನ ಆಚರಿಸುತ್ತಾರೆ.

‘ಹೈಕೋರ್ಟ್ ಅಬ್ಸರ್ವ್ಡ್’ ಅಂದರೆ ಕೋರ್ಟ್ ನೋಡಿತು ಅಂತಲಾ?

ಇಲ್ಲ, ಇದು ಮೂರನೇ ಅರ್ಥ. ನೋಡಿದ್ದನ್ನು ಬಾಯಿಬಿಟ್ಟು ಹೇಳುವುದು. ಕನ್ನಡ ಪತ್ರಿಕೆಗಳು ‘ಅಭಿಪ್ರಾಯಪಟ್ಟಿತು’ ಅಂತ ಬರೆಯುವುದು ಸರಿಯಾಗಿದೆ. ಓದುಗರು ಒಂದು ಎಚ್ಚರ ಇಟ್ಟುಕೊಳ್ಳಬೇಕು: ವಿಚಾರಣೆ ನಡುವೆ ನ್ಯಾಯಮೂರ್ತಿ ಬಾಯಿಮಾತಿನಲ್ಲಿ ಹೇಳಿದ್ದು ಆದೇಶ ಅಲ್ಲ. ಆದೇಶಕ್ಕೆ ಸಹಿ ಬಿದ್ದಿರಬೇಕು. ‘ಕೋರ್ಟ್ ಹೀಗಂದಿದೆ’ ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಎಷ್ಟೋ ಸುದ್ದಿ ಇಂಥ ಬಾಯಿಮಾತು. ಲೆಕ್ಕಪರಿಶೋಧನೆಯಲ್ಲಿ ‘ಆಡಿಟ್ ಅಬ್ಸರ್ವೇಷನ್’ ಅಂದರೆ ಆಡಿಟರ್ ಎತ್ತಿ ತೋರಿಸಿದ ಅಂಶ. ಅದಕ್ಕೆ ಉತ್ತರ ಕೊಡಲೇಬೇಕು.

ನೋಡಿ ಹೇಳುವುದು ಅನ್ನೋದಕ್ಕೆ ಕನ್ನಡದಲ್ಲಿ ಆಕಾಶವಾಣಿ ಕಾಲದ ಒಂದು ಚೆಂದದ ಪದ ಇದೆ, ‘ವೀಕ್ಷಕ ವಿವರಣೆ’. ಮೈಸೂರು ದಸರಾ ಜಂಬೂಸವಾರಿಯನ್ನು ರೇಡಿಯೋದಲ್ಲಿ ಕೇಳಿದವರಿಗೆ ಅದು ಹೊಸದಲ್ಲ.

ಆಸ್ಪತ್ರೆಯಲ್ಲಿ ‘ಅಂಡರ್ ಅಬ್ಸರ್ವೇಷನ್’ ಅಂದರು, ಹೆದರಬೇಕಾ?

ಆ ಮಾತು ಕೇಳಿದ ಕೂಡಲೇ ಹೆದರಬೇಡಿ. ನಿಗಾದಲ್ಲಿ ಇಟ್ಟಿದ್ದಾರೆ ಅಂತ ಅರ್ಥ. ಕಾಯಿಲೆ ಏನು, ಎತ್ತ ಹೋಗುತ್ತಿದೆ ಅಂತ ತೀರ್ಮಾನಿಸಲು ನಾಡಿ, ಬಿಪಿ, ಜ್ವರ, ಉಸಿರು ಇವನ್ನು ಆಗಾಗ ನೋಡಿ ಬರೆದಿಡುತ್ತಾರೆ. ಐಸಿಯುಗೆ ‘ತೀವ್ರ ನಿಗಾ ಘಟಕ’ ಅನ್ನುತ್ತೇವಲ್ಲ, ಅದೇ ನಿಗಾ. ಎಷ್ಟು ಹೊತ್ತು ಇಡುತ್ತೀರಿ, ಏನು ನೋಡುತ್ತಿದ್ದೀರಿ, ಏನಾದರೆ ನಾವು ಕೂಗಬೇಕು, ಈ ಮೂರು ಕೇಳಿಕೊಳ್ಳಿ. ಡಿಸ್ಚಾರ್ಜ್ ಚೀಟಿಯನ್ನು ಕನ್ನಡಕ್ಕೆ ಮಾಡುವವರು ಇಲ್ಲಿ ‘ನಿಗಾ’ ಬಿಟ್ಟು ಬೇರೆ ಪದ ಹಾಕದಿದ್ದರೆ ಮನೆಯವರಿಗೆ ತುಂಬಾ ಉಪಕಾರ.

ವೀಕ್ಷಕ, ನಿರೀಕ್ಷಕ: ಯಾವುದು ಅಬ್ಸರ್ವರ್?

ವೀಕ್ಷಕ. ಚುನಾವಣಾ ಆಯೋಗ ಕಳಿಸುವವರು ಚುನಾವಣಾ ವೀಕ್ಷಕರು. ಸಾಮಾನ್ಯ ವೀಕ್ಷಕರು ಒಬ್ಬರು, ಖರ್ಚು ನೋಡುವ ವೆಚ್ಚ ವೀಕ್ಷಕರು ಇನ್ನೊಬ್ಬರು. ಟಿವಿ ನೋಡುವವರೂ ವೀಕ್ಷಕರೇ, ಆದ್ದರಿಂದ ಬರೀ ‘ವೀಕ್ಷಕರು’ ಅಂತ ಬಿಡದೆ ಯಾವ ವೀಕ್ಷಕರು ಅಂತ ಹೇಳಿ. ನಿರೀಕ್ಷಕ ಅಂದರೆ ನಮ್ಮ ಕಚೇರಿ ಭಾಷೆಯಲ್ಲಿ ಇನ್‌ಸ್ಪೆಕ್ಟರ್: ಕಂದಾಯ ನಿರೀಕ್ಷಕ, ಪೊಲೀಸ್ ನಿರೀಕ್ಷಕ. ಹಿಂದಿಯ ‘ನಿರೀಕ್ಷಣ್’ ನೋಡಿ ಕನ್ನಡದಲ್ಲಿ ‘ನಿರೀಕ್ಷಣೆ’ ಅಂತ ಬರೆದರೆ ಓದುವವರಿಗೆ ‘ನಿರೀಕ್ಷೆ’ ನೆನಪಾಗಿ ಅರ್ಥ ದಾರಿ ತಪ್ಪುತ್ತದೆ. ವಿಶ್ವಸಂಸ್ಥೆಯಲ್ಲಿ ‘ಅಬ್ಸರ್ವರ್’ ಅಂದರೆ ಸಭೆಯಲ್ಲಿ ಕೂತು ಮಾತಾಡಬಹುದು, ಮತ ಹಾಕುವಂತಿಲ್ಲ. ಪ್ಯಾಲೆಸ್ಟೈನ್‌ಗೆ 2012ರಿಂದ ಇರುವುದು ಸದಸ್ಯನಲ್ಲದ ‘ಅಬ್ಸರ್ವರ್’ ರಾಷ್ಟ್ರದ ಸ್ಥಾನ.

ಅಬ್ಸರ್ವೇಟರಿಗೆ ವೀಕ್ಷಣಾಲಯ ಅನ್ನುತ್ತೇವೆ. ಲಡಾಖಿನ ಹಾನ್ಲೆಯಲ್ಲಿರುವ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು.

‘ಆನರ್ಡ್ ಇನ್ ದ ಬ್ರೀಚ್’ ಅಂತ ಬರೆಯುತ್ತಾರಲ್ಲ, ಅದು ಇದೇ ಪದದ್ದಾ?

ಹೌದು, ಪೂರ್ತಿ ಮಾತಿನ ಕೊನೆಗೆ ‘ಅಬ್ಸರ್ವೆನ್ಸ್’ ಇದೆ. ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್‌ನಲ್ಲಿ ಬರುತ್ತದೆ. ಅರಮನೆಯ ಕುಡಿತದ ಪದ್ಧತಿ ಬಗ್ಗೆ ಹ್ಯಾಮ್ಲೆಟ್ ಹೇಳುವುದು: ಇದನ್ನು ಪಾಲಿಸುವುದಕ್ಕಿಂತ ಮುರಿಯುವುದೇ ಮರ್ಯಾದೆ. ಈಗಿನವರು ‘ಎಲ್ಲರೂ ಮುರಿಯುವ ನಿಯಮ’ ಅನ್ನೋ ಅರ್ಥದಲ್ಲಿ ಬಳಸುತ್ತಾರೆ. ಆ ಬಳಕೆ ಚಾಲ್ತಿಯಲ್ಲಿದೆ, ಆದರೆ ಮೂಲದ ಮಾತು ಅದಕ್ಕಿಂತ ಗಟ್ಟಿ.

ಮಗುವನ್ನು ‘ಅಬ್ಸರ್ವೆಂಟ್’ ಅಂತ ಬರೆದಿದ್ದಾರೆ. ಹೇಳಿದ ಮಾತು ಕೇಳುತ್ತಾನೆ ಅಂತಲಾ?

ಅಲ್ಲ. ಗಮನ ಚುರುಕು, ಸಣ್ಣ ಸಂಗತಿಯೂ ಕಣ್ಣಿಗೆ ಬೀಳುತ್ತದೆ ಅಂತ. ಹೇಳಿದ್ದು ಕೇಳುವ ಮಗುವಿಗೆ ಇಂಗ್ಲಿಷ್‌ನಲ್ಲಿ ‘ಒಬೀಡಿಯೆಂಟ್’ ಅನ್ನುತ್ತಾರೆ. ಅಬ್ಸರ್ವೆಂಟ್ ಮಗು ಎಷ್ಟೋ ಸಲ ಎದುರು ಪ್ರಶ್ನೆ ಕೇಳುತ್ತದೆ, ನೀವು ಹೇಳಿದ್ದಕ್ಕೂ ಮಾಡಿದ್ದಕ್ಕೂ ಇರುವ ವ್ಯತ್ಯಾಸ ಅದಕ್ಕೆ ಕಂಡಿರುತ್ತದೆ. ಅದನ್ನು ಬೈದು ಸುಮ್ಮನಾಗಿಸಬೇಡಿ.

ರೆಸ್ಯೂಮೆಯಲ್ಲಿ ‘ಅಬ್ಸರ್ವೆಂಟ್’ ಅಂತ ಹಾಕಿಕೊಳ್ಳಬಹುದಾ?

ಪದ ಮಾತ್ರ ಹಾಕಿದರೆ ಉಪಯೋಗ ಇಲ್ಲ. ಏನನ್ನು ಗಮನಿಸಿ ಏನು ಮಾಡಿದಿರಿ ಅಂತ ಒಂದು ಸಾಲು ಬರೆಯಿರಿ: ಗೋದಾಮಿನಲ್ಲಿ ಯಾವ ಸರಕು ಪದೇ ಪದೇ ಹಾಳಾಗುತ್ತಿತ್ತು ಅಂತ ಪತ್ತೆ ಮಾಡಿದ್ದು, ಬಿಲ್ಲಿನಲ್ಲಿ ತೆರಿಗೆ ಎರಡು ಸಲ ಬಿದ್ದದ್ದು ಹಿಡಿದದ್ದು, ಇಂಥದ್ದು. ನಿಯಮ ಪಾಲನೆಯ ಕೆಲಸಕ್ಕೆ ಅರ್ಜಿ ಹಾಕುವುದಾದರೆ ಈ ಪದ ಬೇಡ, ‘ಕಂಪ್ಲಯನ್ಸ್’ ಅನ್ನೋ ಪದವೇ ಅವರು ಹುಡುಕುವುದು.